ತಲೆಯಿಲ್ಲದ ಹಾಡುಗಾರ

ಈಗಷ್ಟೇ ಬಿಜೂರಲ್ಲಿ ಚಾ ಕುಡೀತಿದ್ದೆ. ಪಕ್ಕದ ಮೇಜಿನ ಹುಡುಗರ ಮಾತೆಲ್ಲ ‘ಬ್ಲ್ಯಾಕ್ ಮಿಥ್: ವುಕಾಂಗ್’ ಗೇಮಿನದ್ದೇ. ಒಬ್ಬನಿಗೆ ಕಾದಾಟ ಹಿಡಿಸಿದೆ, ಇನ್ನೊಬ್ಬನಿಗೆ ಕಥೆ. "ತಲೆ ಇಲ್ದೆ ಪದ ಹೇಳುವವನ್ನ ಕಂಡ್ಯಾ ಮಾರಾಯಾ?" ಅಂದ ಮೂರನೆಯವ.

ಅಲ್ಲೇ ನನ್ನ ಕಿವಿ ನೆಟ್ಟಗಾಯ್ತು. 2024ರ ಆಗಸ್ಟಲ್ಲಿ ಬಂದ ಈ ಚೀನೀ ಗೇಮಿನ ಮೂಲ ‘ಜರ್ನಿ ಟು ದ ವೆಸ್ಟ್’, 16ನೇ ಶತಮಾನದ ಕಾದಂಬರಿ. ಗೇಮಿನ ಎರಡನೇ ಅಧ್ಯಾಯದ ಆ ರುಂಡವಿಲ್ಲದ ಸನ್ಯಾಸಿ ಮೂರು ತಂತಿಯ ವಾದ್ಯ ನುಡಿಸಿ ಹಾಡೋದು ಉತ್ತರ ಶಾನ್ಶಿಯ ಹಳ್ಳಿಗರ ಕಥೆ ಹೇಳುವ ಧಾಟಿಯಲ್ಲಿ. ಅದನ್ನ ನಯ ಮಾಡಿ ಬದಲಿಸಿಲ್ಲ, ಇದ್ದ ಹಾಗೇ ಇಟ್ಟಿದ್ದಾರೆ. ಅದೇ ನನಗೆ ತುಂಬ ಇಷ್ಟ.

ಮಾರಣಕಟ್ಟೆ, ಮಂದಾರ್ತಿ ಮೇಳಗಳ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮಲ್ಲಿ ಇಂಥದ್ದಕ್ಕೆ ಏನು ಕಮ್ಮಿ? ‘ಬಭ್ರುವಾಹನ ಕಾಳಗ’ ಪ್ರಸಂಗ ತಗೊಳ್ಳಿ, ಅದನ್ನೇ ಗೇಮ್ ಮಾಡಿದ್ರೆ? ಆಡುವವನೇ ಬಭ್ರುವಾಹನ, ಎದುರಿಗೆ ಅಪ್ಪ ಅರ್ಜುನ. ಬಡಗಿನ ಚಂಡೆ, ಭಾಗವತರ ಪದ ಹಾಗ್ಹಾಗೇ ಇರ್ಲಿ, ಸಿನಿಮಾ ಸಂಗೀತ ಬೇಡವೇ ಬೇಡ. ಇಂಥ ಗೇಮ್ ಬರಲೇಬೇಕು ಅಂತ ನನ್ನಾಸೆ.

ಗೇಮ್ ಆಡುವವ್ರೇ, ನಿಮ್ಗೆ ಯಾವ ಪ್ರಸಂಗ ಬೇಕು? ಯಾರ ವೇಷ ನಿಮ್ದು?