ಅಣೆಕಟ್ಟಿಲ್ಲದ ಹೊಳೆಯ ಬೆನ್ನುಹತ್ತಿ

ಘಟ್ಟವೂ ಕಡಲೂ ಒಂದೇ ಹಾದಿಯಲ್ಲಿ ಬೇಕೆಂದರೆ ಅಘನಾಶಿನಿಯ ಜೊತೆ ಹೋಗಬೇಕು. ಶಿರಸಿ ಪೇಟೆಯ ಶಂಕರ ಹೊಂಡದಲ್ಲಿ ಹುಟ್ಟುವ ಈ ಹೊಳೆಗೆ ಕಡಲು ಸೇರುವ ತನಕ ಒಂದೂ ದೊಡ್ಡ ಅಣೆಕಟ್ಟಿಲ್ಲ. ಅಕ್ಕಪಕ್ಕದ ಶರಾವತಿ, ಕಾಳಿಯರ ಪಾಡು ಬಲ್ಲವರಿಗೆ ಇದೇ ಸೋಜಿಗ.

ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಧುಮುಕುತ್ತದೆ. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಸೆಲ್ಫಿಗೆ ನಿಂತವರ ಬೆನ್ನು ಕಂಡಷ್ಟು ನೀರು ಕಾಣಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಆ ದಿನ ಮುಗಿದಿತ್ತು.

ಮರುದಿನ ಪ್ರವಾಸಿಗಳ ದಂಡು ಗೋಕರ್ಣದ ಓಂ ಬೀಚಿಗೆ ಹೊರಟಿತ್ತು. ನಾನು ಮಾಣಿಕಟ್ಟಾದ ಗಜನಿಗೆ ಹೋದೆ. ಗಜನಿಯೆಂದರೆ ಅಳಿವೆಯ ಉಪ್ಪುನೀರು ಏರುವ ತಗ್ಗು ಗದ್ದೆ. ಬೇರೆ ಭತ್ತ ಬದುಕದ ಇಲ್ಲಿ ಕಗ್ಗ ಬೆಳೆಯುತ್ತದೆ. ಮಳೆನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ, ಔಷಧಿಯ ಗೊಡವೆಯಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಮತ್ತೆ ತಲೆಯೆತ್ತುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಉಳಿದ ಕೂಳೆಯೇ ಮರಿಗಳಿಗೆ ಆಸರೆ. ಒಂದು ಗದ್ದೆ, ಎರಡು ಫಸಲು, ಎರಡನೆಯದಕ್ಕೆ ಮೀಸೆಯಿರುತ್ತದೆ.

ಕೊಯ್ಲು ಮುಗಿದ ಕಾಲ ಅದು. ಹೊಳೆಯಲ್ಲಿ ಇಳಿತವಿತ್ತು. ಮೊಣಕಾಲುದ್ದ ನೀರಿನಲ್ಲಿ ಬಾಗಿ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ನಾನು ಮೊಬೈಲ್ ತೆಗೆದಿದ್ದೇ ಒಬ್ಬಾಕೆ, “ಇಳತ ಮುಗೀತಾ ಬಂತು ತಮಾ, ಫೋಟೋ ಆಮೇಲೆ ತೆಗಿ, ಈ ಬುಟ್ಟಿ ಹಿಡ್ಕ” ಎಂದರು. ಹಿಡಿದೆ. ಚಿಪ್ಪಿನ ಭಾರಕ್ಕೆ ಹೆಗಲು ಜಗ್ಗಿತು. ಬೀಚಿನಲ್ಲಿ ಎಳನೀರಿಗೆ ಕೇಳಿದಷ್ಟು ಕೊಡುವ ಜನ ಪೇಟೆಯಲ್ಲಿ ಈ ಬುಟ್ಟಿಯೆದುರು ಐದು ರೂಪಾಯಿಗೆ ಚೌಕಾಸಿ ಮಾಡುತ್ತಾರಲ್ಲ, ಅವರಿಗೊಮ್ಮೆ ಇದನ್ನು ಹೊರಿಸಬೇಕು.

ಇದೇ ಅಳಿವೆಯ ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು. ಊರವರು ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. 2024ರಲ್ಲಿ ಅಳಿವೆಗೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಲ್ಲಿದ್ದಲ ಬೂದಿ ಬೀಳಬಹುದಾಗಿದ್ದ ನೀರಿನಲ್ಲಿ ಈಗಲೂ ಬಳಚು ಸಿಗುತ್ತಿದೆ.

ಸಂಜೆ ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಹತ್ತಿದೆ. ಪಕ್ಕದಲ್ಲಿದ್ದ ಹಿರಿಯರು “ಗೋಕರ್ಣಕ್ಕಾ?” ಎಂದರು. ಗಜನಿ ನೋಡಿ ಬಂದೆ ಅಂದಾಗ ನಕ್ಕರು. “ಅದ್ರಲ್ಲಿ ನೋಡೂಕೆ ಎಂತಾ ಉಂಟು?” ಹಾಗಂದವರು, ಯಾವುದೋ ವರ್ಷ ಗಜನಿಯ ಕಟ್ಟೆ ಒಡೆದು ಊರೆಲ್ಲ ರಾತ್ರಿಯಿಡೀ ಮಣ್ಣು ಹೊತ್ತ ಕತೆಯನ್ನು ದಡ ಮುಟ್ಟುವ ತನಕ ನಿಲ್ಲಿಸಲಿಲ್ಲ.