ಅಮ್ಮನ ಜಡೆಯ ಕೊನೆಯ 6 ಸೆಂಟಿಮೀಟರ್

ಆರು ವಾರದಿಂದ ನನ್ನ ದಿನ ಶುರುವಾಗೋದು ಆಫೀಸಿನ ಮೀಟಿಂಗ್‌ನಿಂದಲ್ಲ, ಅಮ್ಮನ ಜಡೆಯಿಂದ. ಅಮ್ಮನಿಗೆ ಬಲಗೈ ಫ್ರೋಜನ್ ಶೋಲ್ಡರ್. ಕೈ ಭುಜದಿಂದ ಮೇಲೆ ಏಳೋದೇ ಇಲ್ಲ. ಅಕ್ಕ ಇರೋದು ಪುಣೆಯಲ್ಲಿ. ಹಾಗಾಗಿ ವರ್ಕ್ ಫ್ರಂ ಹೋಮ್ ಮಗ ಯೂಟ್ಯೂಬ್ ನೋಡಿ ಜಡೆ ಹಾಕೋದು ಕಲಿತ. ಮೊದಲ ವಾರ ನಾನು ಹೆಣೆದದ್ದು ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತಿತ್ತು. "ಆಫೀಸಲ್ಲೂ ಹೀಗೇ ಕೆಲಸ ಮಾಡ್ತೀಯೇನೋ?" ಅಂತ ಕೇಳಿಸಿಕೊಂಡಿದ್ದೂ ಆಯ್ತು.

ಚಿಕ್ಕವನಿದ್ದಾಗ ಬಸ್ಸಿನಲ್ಲಿ ಅಮ್ಮನ ಜಡೆ ಹಿಡ್ಕೊಂಡೇ ನಿದ್ದೆ ಮಾಡ್ತಿದ್ದೆ. ಮುಷ್ಟಿಗೆ ಸಿಗದಷ್ಟು ದಪ್ಪ ಜಡೆ. ಈಗ ಕೈಗೆ ಬಂದದ್ದು ನನ್ನ ಹೆಬ್ಬೆರಳಿಗಿಂತ ಸಣ್ಣದು. ಅಮ್ಮನೇ ಅದಕ್ಕೆ "ಇಲಿ ಬಾಲ" ಅಂತ ಹೆಸರಿಟ್ಟಿದ್ದಾಳೆ. ಮದುವೆಮನೆಗೆ ಹೋಗುವಾಗ ಬೀರುವಿನಿಂದ ಚೌರಿ ಹೊರಗೆ ಬರುತ್ತೆ.

ಆವತ್ತಿನ ದಪ್ಪ ನನ್ನ ಕಲ್ಪನೆಯಾ, ಅಥವಾ ನನ್ನ ಮುಷ್ಟಿಯೇ ಚಿಕ್ಕದಿತ್ತಾ? ರಾತ್ರಿ ಕೂತು ಓದಿದೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸ್ವಲ್ಪ ದಿನ ಸುಮ್ಮನಿದ್ದು ಉದುರುತ್ತಂತೆ. ಅದೇ ಬುಡದಿಂದ ಹೊಸದು ಬರುತ್ತೆ. ದಿನಕ್ಕೆ 50ರಿಂದ 100 ಉದುರೋದು ಸಹಜ. ಹೆಂಗಸರಲ್ಲಿ ಎಳೆಯ ದಪ್ಪ ಸುಮಾರು ನಲವತ್ತರವರೆಗೆ ಹೆಚ್ಚುತ್ತಾ ಹೋಗಿ, ಆಮೇಲೆ ಇಳಿಯುತ್ತೆ. ಬೆಳೆಯುವ ಅವಧಿಯೂ ಕಮ್ಮಿಯಾಗುತ್ತೆ. ನನಗೆ ಐದು ವರ್ಷವಾದಾಗ ಅಮ್ಮನಿಗೆ ಮೂವತ್ಮೂರು. ಸರಿ, ನೆನಪು ಪೂರ್ತಿ ಸುಳ್ಳಲ್ಲ.

ನರೆಯ ವಿಷಯದಲ್ಲಿ ಮಾತ್ರ ನಾನು ತಪ್ಪು ತಿಳಿದಿದ್ದೆ. ಕಪ್ಪಗಿದ್ದ ಕೂದಲೇ ನಿಧಾನವಾಗಿ ಬೆಳ್ಳಗಾಗುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಬುಡದಲ್ಲಿ ಮೆಲನಿನ್ ತಯಾರಿಸುವ ಜೀವಕೋಶಗಳು ಕೈ ಎತ್ತಿದ ಮೇಲೆ ಬರುವ ಕೂದಲು ಬೆಳ್ಳಗೇ ಬರುತ್ತೆ. ಅಮ್ಮ ಬಣ್ಣ ಹಚ್ಚೋಳಲ್ಲ. ಜಡೆ ಬಿಚ್ಚಿದಾಗ ಬುಡ ಬಿಳಿ, ತುದಿ ಕಪ್ಪು ಇರುವ ಎಳೆಗಳು ಈಗ ನನಗೂ ಕಾಣುತ್ತವೆ. ಮುಟ್ಟು ನಿಂತ ಮೇಲೆ ನೆತ್ತಿಯ ಚರ್ಮದಲ್ಲಿ ಎಣ್ಣೆಯ ಅಂಶ ಕಡಿಮೆಯಾಗುತ್ತಂತೆ. ಬೆಳಗ್ಗೆ ಅಷ್ಟೊಂದು ಸಿಕ್ಕು ಯಾಕೆ ಅನ್ನೋದೂ ಗೊತ್ತಾಯ್ತು.

ಇನ್ನೊಂದು ಮಾತು ತಲೆಯಲ್ಲೇ ಉಳೀತು. ಚರ್ಮದಿಂದ ಹೊರಬಂದ ಕೂದಲಿಗೆ ಜೀವ ಇಲ್ಲ. ಅದರ ಹೊರಪದರ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಕೂತ ಚಕ್ಕೆಗಳು. ತೊಳೆದು, ಬಾಚಿ ಸವೆದರೆ ಸವೆದ ಹಾಗೇ. ಶಾಂಪೂ ಜಾಹೀರಾತಿನಲ್ಲಿ 'ರಿಪೇರಿ' ಅಂತ ಬಂದಾಗಲೆಲ್ಲ ಈಗ ನಗು ಬರುತ್ತೆ.

ಕಳೆದ ಭಾನುವಾರ ಅಮ್ಮ ಕತ್ತರಿ ಕೊಟ್ಟಳು. "ತುದಿಯೆಲ್ಲಾ ಸೀಳಿದೆ. ಒಂದು ಗೇಣು ಕತ್ತರಿಸಿಬಿಡೋ, ಸಿಕ್ಕಾದ್ರೂ ಕಮ್ಮಿಯಾಗಲಿ."

ಕತ್ತರಿ ಹಿಡಿದವನಿಗೆ ಯಾಕೋ ಲೆಕ್ಕ ಹಾಕಬೇಕು ಅನ್ನಿಸ್ತು. ಕೂದಲು ಬೆಳೆಯೋದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹೊಲಿಗೆ ಡಬ್ಬಿಯ ಟೇಪು ಹಿಡಿದು ಅಳೆದೆ, 44. ಅಪ್ಪ ಹೋಗಿ ಮೂರು ವರ್ಷ ಎರಡು ತಿಂಗಳು, ಅಂದರೆ 38. ಕೊನೆಯ 6 ಸೆಂಟಿಮೀಟರ್ ಅಪ್ಪ ಇದ್ದಾಗ ಬೆಳೆದದ್ದು. ಆಗ ಅದು ನೆತ್ತಿಗೆ ಹತ್ತಿರವಿತ್ತು. ಶುಕ್ರವಾರ ಅಪ್ಪ ತರುತ್ತಿದ್ದ ಮೊಳ ಮಲ್ಲಿಗೆ ಅಲ್ಲೇ ಎಲ್ಲೋ ಕೂರ್ತಿತ್ತು.

ಎರಡು ಬೆರಳಿನಷ್ಟು ಮಾತ್ರ ಕತ್ತರಿಸಿದೆ.

ಅಮ್ಮ ಎಡಗೈಯಿಂದ ಕೂದಲು ಮುಂದಕ್ಕೆ ಎಳ್ಕೊಂಡು ನೋಡಿದಳು. "ಇಷ್ಟೇನಾ? ಗೇಣು ಅಂದಿದ್ದೆ."

ಲೆಕ್ಕ ಹೇಳಿದೆ. ಟೇಪನ್ನೂ ತೋರಿಸಿದೆ. ಅಮ್ಮ ತುದಿಯನ್ನ ಬೆರಳಿಗೆ ಸುತ್ತಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ತಟ್ಟೇಲಿ ಒಂದು ಕೂದಲು ಸಿಕ್ಕಿದ್ರೆ ನಿಮ್ಮಪ್ಪ ಊಟ ಬಿಟ್ಟು ಏಳ್ತಿದ್ರು" ಅಂದಳು. ಆಮೇಲೆ, "ಎಣ್ಣೆ ತಗೊಂಡು ಬಾ. ತುದಿಗೂ ಹಚ್ಚು, ಒಣಗಿದೆ."