ತಾಳೆಯಾಗದ ಎರಡು ಪುಸ್ತಕ

1
ಆಸ್ಟ್ರೇಲಿಯಾದ ಮೂಲನಿವಾಸಿಗಳ ಕವಿತೆ ಬಗ್ಗೆ ಏನೇ ಓದಲು ಹೋದರೂ ‘ರಿಕನ್ಸಿಲಿಯೇಶನ್’ ಎಂಬ ಪದ ಅಡ್ಡ ಬರುತ್ತದೆ. ಕನ್ನಡದಲ್ಲಿ ಅದನ್ನು ಏನನ್ನಬೇಕು? ‘ರಾಜಿ’ ಅಂದರೆ ಪಂಚಾಯ್ತಿ ಕಟ್ಟೆ ನೆನಪಾಗುತ್ತದೆ: ನೀನು ಒಂದಿಷ್ಟು ಬಿಡು, ಅವನೂ ಒಂದಿಷ್ಟು ಬಿಡಲಿ. ನೆಲವನ್ನೇ ಕಳೆದುಕೊಂಡವರು ಇನ್ನೇನು ಬಿಡಬೇಕು? ‘ಸಾಮರಸ್ಯ’ ಅಂದರೆ ಸರ್ಕಾರಿ ಗೋಡೆಬರಹ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಮ್ಮಲ್ಲಿ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ: ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಹುಡುಕಾಟ. ಸದ್ಯಕ್ಕೆ ಈ ಅರ್ಥ ಇಟ್ಟುಕೊಂಡೇ ಓದುತ್ತೇನೆ.

2
ಆಸ್ಟ್ರೇಲಿಯಾ ಸಂವಿಧಾನದಲ್ಲಿ 127ನೇ ಕಲಮು ಅಂತ ಒಂದಿತ್ತು. ದೇಶದ ಜನರ ಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಕೂಡದು! ದನ ಕಾಯಲು ಅವರು ಬೇಕು, ಮನೆಗೆಲಸಕ್ಕೆ ಬೇಕು, ಎರಡನೇ ಮಹಾಯುದ್ಧದ ಸೈನ್ಯಕ್ಕೂ ಬೇಕಾದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕಲಮು ಹೋದದ್ದು 1967ರ ಜನಮತಗಣನೆಯಲ್ಲಿ, ಶೇ. 90.77 ಮಂದಿ ಒಪ್ಪಿದ ಮೇಲೆ. ನನಗೆ ಸೋಜಿಗವೆಂದರೆ, ಲೆಕ್ಕಕ್ಕಿಲ್ಲದ ಈ ಜನರಲ್ಲೊಬ್ಬಳ ಕವನ ಸಂಕಲನ ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಬ್ರಿಸ್ಬೇನಿನಲ್ಲಿ ಅಚ್ಚಾಗಿ, ಮತ್ತೆ ಮತ್ತೆ ಮುದ್ರಣ ಕಂಡಿತ್ತು. ಜನಗಣತಿಗಿಂತ ಮೊದಲು ಕವಿತೆ ಎಣಿಸಿತು.

3
ಆಕೆ ಆಗ ಕ್ಯಾತ್ ವಾಕರ್. ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಮಿಂಜೆರಿಬಾ ದ್ವೀಪದ ನೂನಕಲ್ ಜನದವಳು. ಹದಿಮೂರಕ್ಕೆ ಶಾಲೆ ಮುಗಿಸಿ ಪಟ್ಟಣದಲ್ಲಿ ಮನೆಗೆಲಸಕ್ಕೆ ನಿಂತವಳು. ‘ಇದು ಕಾವ್ಯವಲ್ಲ, ಪ್ರಚಾರ’ ಅಂದರು ಕೆಲವು ವಿಮರ್ಶಕರು. ಆಕೆ ಅಲ್ಲಗಳೆಯಲೂ ಇಲ್ಲ.

ನನ್ನನ್ನು ಕಾಡಿದ್ದು ಬೇರೆ. ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳಿದ್ದ ಖಂಡದವಳು, ಬಂದವರ ಇಂಗ್ಲಿಷಿನಲ್ಲಿ, ಅವರದೇ ಲಾವಣಿ ಧಾಟಿಯಲ್ಲಿ, ಪ್ರಾಸ ಹಾಕಿ ಬರೆದದ್ದೇಕೆ? ಮಿಶನ್ ಶಾಲೆಗಳಲ್ಲಿ ಸ್ವಂತ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು ಎಂಬುದು ಅರ್ಧ ಉತ್ತರ. ಉಳಿದರ್ಧ ಕೌಂಟರಿನಲ್ಲಿ ಕೂತವನಿಗೆ ಹೊಳೆಯುವಂಥದ್ದು: ಎದುರಿನವರ ಪುಸ್ತಕದಲ್ಲಿ ಜಮಾ ಆಗಬೇಕಾದರೆ ಅವರ ಚಲನ್ನೇ ತುಂಬಬೇಕು.

4
1963. ಮೂಲನಿವಾಸಿಗಳ ಹಕ್ಕು ಕೇಳಲು ಹೋದ ನಿಯೋಗದಲ್ಲಿ ಆಕೆಯೂ ಇದ್ದಳು. ಪ್ರಧಾನಿ ರಾಬರ್ಟ್ ಮೆಂಜೀಸ್ ಉಪಚಾರಕ್ಕೆಂದು ಮದ್ಯದ ಗ್ಲಾಸು ಮುಂದಿಟ್ಟರು. ನಮ್ಮ ಕ್ವೀನ್ಸ್‌ಲ್ಯಾಂಡಿನಲ್ಲಿ ನನ್ನಂಥವಳಿಗೆ ಇದನ್ನು ಕೊಟ್ಟರೆ ನೀವು ಜೈಲಿಗೆ ಹೋಗಬೇಕಾಗುತ್ತದೆ ಎಂದಳಂತೆ. ಪ್ರಧಾನಿಗೇ ಗೊತ್ತಿರದ ಕಾನೂನು! ಸಮಾನತೆಯ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಿಗಿಂತ ಆ ಗ್ಲಾಸು ಹೆಚ್ಚು ತಿಳಿಸಿತು.

5
1970ರಲ್ಲಿ ಆಕೆಗೆ ಬ್ರಿಟಿಷ್ ರಾಣಿಯ ಹೆಸರಿನ ಎಂಬಿಇ ಪದಕ. 1987ರಲ್ಲಿ ವಾಪಸ್ ಕೊಟ್ಟಳು. ಹದಿನೇಳು ವರ್ಷ ಇಟ್ಟುಕೊಂಡು ಈಗೇಕೆ ಎಂದು ಮೊದಲು ನನಗೂ ಅನಿಸಿತು. ಮರುವರ್ಷ, ಬಿಳಿಯರ ಹಡಗುಗಳು ಬಂದು ಇನ್ನೂರು ವರ್ಷವಾದ ಸಂಭ್ರಮ. ಒಬ್ಬರ ಪುಸ್ತಕದಲ್ಲಿ ಜಮಾ, ಇನ್ನೊಬ್ಬರದರಲ್ಲಿ ಖರ್ಚು: ದಿನಾಂಕ ಮಾತ್ರ ಒಂದೇ. ಪದಕದ ಜೊತೆ ಹೆಸರನ್ನೂ ಬಿಟ್ಟಳು. ಅಲ್ಲಿಂದ ಮುಂದೆ ಊಜರೂ ನೂನಕಲ್. ಊಜರೂ ಅಂದರೆ ಪೇಪರ್‌ಬಾರ್ಕ್ ಮರ, ಕಾಗದದಂತೆ ಪದರಪದರವಾಗಿ ಸುಲಿಯುವ ತೊಗಟೆಯದು. ಕವಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ?

6
ಲೆಕ್ಕ ಎಂದೆನಲ್ಲ, ನಿಜವಾದ ಲೆಕ್ಕವೂ ಇತ್ತು. ಕ್ವೀನ್ಸ್‌ಲ್ಯಾಂಡಿನಲ್ಲಿ ಮೂಲನಿವಾಸಿಗಳ ಕೂಲಿ ಎಷ್ಟೋ ದಶಕ ಸರ್ಕಾರದ ಹಿಡಿತದ ಖಾತೆಗೆ ಹೋಗುತ್ತಿತ್ತು, ದುಡಿದವರ ಕೈಗೆ ಬರುತ್ತಿದ್ದದ್ದು ಚಿಲ್ಲರೆ. 2019ರಲ್ಲಿ 19 ಕೋಟಿ ಡಾಲರ್ ಕೊಡಲು ಆ ರಾಜ್ಯ ಒಪ್ಪಿತು. ಸರಿ, ದುಡ್ಡಿಗೆ ಒಂದು ಮೊತ್ತ ಬರೆದರು. ಸರ್ಕಾರವೇ ತಾಯಿಯ ಮಡಿಲಿಂದ ಒಯ್ದ ಮೂಲನಿವಾಸಿ ಮಕ್ಕಳಿಗೆ?

ಯಾಂಕುನಿಚಾಚಾರ ಜನದ ಕವಿ ಅಲಿ ಕಾಬಿ ಎಕರ್‌ಮನ್ ದತ್ತು ಹೋದ ಕೂಸು. ಹೆತ್ತವ್ವನನ್ನು ಕಂಡದ್ದು ಮೂವತ್ತು ದಾಟಿದ ಮೇಲೆ. 2015ರ ಆಕೆಯ ಸಂಕಲನದ ಹೆಸರಿನಲ್ಲೇ ತಾಯಿ ಇದ್ದಾಳೆ. 2017ರಲ್ಲಿ 1,65,000 ಡಾಲರಿನ ವಿಂಡಮ್-ಕ್ಯಾಂಬೆಲ್ ಪ್ರಶಸ್ತಿಯ ಸುದ್ದಿ ಬಂದಾಗ ಆಕೆ ಕೆಲಸವಿಲ್ಲದೆ ಒಂದು ಕ್ಯಾರವಾನಿನಲ್ಲಿದ್ದಳು. ಈ ಎರಡು ಸಾಲನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ ತಿಳಿಯದೆ ಹೀಗೇ ಬಿಟ್ಟಿದ್ದೇನೆ.

7
ಊಜರೂ ಅವರ ಮೊದಲ ಹಸ್ತಪ್ರತಿ ಓದಿ ಅಚ್ಚು ಹಾಕಿ ಎಂದವಳು ಜೂಡಿತ್ ರೈಟ್, ನೆಲ ಹಿಡಿದ ಬಿಳಿ ಮನೆತನದ ಕವಿ. ಇಬ್ಬರೂ ಒಡಹುಟ್ಟಿದವರಷ್ಟು ಹತ್ತಿರವಾದರು. ಜೂಡಿತ್ 1959ರಲ್ಲಿ ಅಜ್ಜನ ದಿನಚರಿ ಆಧರಿಸಿ ಮನೆತನದ ಸಾಹಸದ ಕಥೆ ಬರೆದಿದ್ದಳು. 1981ರಲ್ಲಿ ಅದೇ ನೆಲದ ಕಥೆಯನ್ನು ಮತ್ತೆ ಬರೆದಳು. ಈ ಸಲ, ಆ ನೆಲದಿಂದ ಅಳಿಸಿಹೋದವರನ್ನೂ ಸೇರಿಸಿ.

ನಮ್ಮ ಹೆಡ್ ಕ್ಲರ್ಕ್ ರಾಯರು ತಾಳೆಯಾಗದ ದಿನ ಹೇಳುತ್ತಿದ್ದದ್ದು ಒಂದೇ ಮಾತು: “ಅವರ ಪುಸ್ತಕ ಆಮೇಲೆ ನೋಡೋಣ್ವಂತೆ, ಮೊದಲು ನಿಮ್ಮದನ್ನ ನೋಡ್ಕೊಳ್ಳಿ.” ಜೂಡಿತ್ ಮಾಡಿದ್ದು ಇದನ್ನೇ. ಮಾಡಲು ಇಪ್ಪತ್ತೆರಡು ವರ್ಷ ಹಿಡಿಯಿತು.

8
2023ರ ಅಕ್ಟೋಬರ್ 14. ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿ ಮಂಡಳಿ ಸಂವಿಧಾನಕ್ಕೆ ಬೇಕೇ ಎಂದು ಕೇಳಿದರು. ಶೇ. 60ರಷ್ಟು ಮಂದಿ ಬೇಡ ಎಂದರು. 1967ರಲ್ಲಿ ಎಣಿಸಲು ಒಪ್ಪಿದ ದೇಶ, ಎಣಿಸಿದವರ ಮಾತು ಕೇಳಲು ಒಪ್ಪಲಿಲ್ಲ.

ಎಷ್ಟು ತಡಕಾಡಿದರೂ ಸಿಗದ ವ್ಯತ್ಯಾಸವನ್ನು ನಾವು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ಮನ್ನಾ ಅಂತಲ್ಲ, ಮರೆತುಹೋಗದಿರಲಿ ಅಂತ ಮುಂದಿನ ಪುಟಕ್ಕೂ ಅದನ್ನು ಬರೆದುಕೊಳ್ಳುತ್ತಿದ್ದೆವು. ಈ ಕವಿಗಳು ಮಾಡುತ್ತಿರುವುದೂ ಅದೇ ಇರಬೇಕು. ಮೊದಲ ಪುಟದಲ್ಲಿ ಬರೆದಿದ್ದ ‘ರಾಜಿ’ಯನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ: ಮುಂದಿನ ಪುಟಕ್ಕೆ ತೆಗೆದುಕೊಂಡಿದೆ.